ಮಾವನ ಹಾರ್ಟಿನ ಮಾತ್ರೆ ಬಸುರಿ ಸೊಸೆಗೆ ಯಾಕೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತ್ರೆಯ ಬಗ್ಗೆ ಇದ್ದವು. ಬಸುರಿಯರಿಗೆ ಬರೆದುಕೊಡುವ ಸಣ್ಣ ಡೋಸಿನ ಆಸ್ಪಿರಿನ್, ಅಂಗಡಿಯಲ್ಲಿ ಇಕೋಸ್ಪ್ರಿನ್ ಅನ್ನುವ ಹೆಸರಿನಲ್ಲೂ ಸಿಗುವ ಮಾತ್ರೆ. ಮೈಸೂರು, ಮಂಡ್ಯ ಕಡೆಯಿಂದಲೇ ಜಾಸ್ತಿ ಪತ್ರ ಬಂದಿದ್ದರಿಂದ ಬೇರೆ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವಕ್ಕೆ ಮಾತ್ರ ಉತ್ತರ ಬರೆಯುತ್ತಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನಗೆ 27 ವರ್ಷ. ಎರಡನೇ ಸಲ ಬಸುರಿ, ಈಗ 13 ವಾರ. ಮೊದಲ ಸಲ ಎಂಟನೇ ತಿಂಗಳಲ್ಲಿ ಬಿಪಿ ಏರಿತು, ಕಣ್ಣು ಮಂಜಾಯಿತು, ರಾತ್ರೋರಾತ್ರಿ ಆಪರೇಷನ್ ಮಾಡಿ ಮಗು ತೆಗೆದರು. ಮಗಳು ಒಂದೂವರೆ ಕೆಜಿ ಇದ್ದಳು, ಮೂರು ವಾರ ಐಸಿಯುನಲ್ಲಿ ಇಟ್ಟಿದ್ದರು. ಈಗ ಓಡಾಡಿಕೊಂಡು ಚೆನ್ನಾಗಿದ್ದಾಳೆ. ಈ ಸಲ ಡಾಕ್ಟರು ರಾತ್ರಿ ಒಂದು ಇಕೋಸ್ಪ್ರಿನ್ 150 ತಗೊಳ್ಳಿ ಅಂದರು. ಮೆಡಿಕಲ್ ಸ್ಟೋರಿನಲ್ಲಿ ‘ಇದು ಹಾರ್ಟಿನ ಮಾತ್ರೆ, ಯಾರಿಗೆ?’ ಅಂತ ಕೇಳಿದರು. ನಮ್ಮ ಮಾವನಿಗೂ ಸ್ಟೆಂಟ್ ಹಾಕಿದ ಮೇಲೆ ಇದೇ ಹೆಸರಿನ ಮಾತ್ರೆ ಕೊಡುತ್ತಿದ್ದಾರೆ. ಅತ್ತೆಗೆ ಗೊತ್ತಾಗಿ, ‘ರಕ್ತ ತೆಳ್ಳಗೆ ಮಾಡೋ ಮಾತ್ರೆ, ಉಷ್ಣ, ಹೊಟ್ಟೇಲಿರೋದು ಜಾರಿ ಹೋಗುತ್ತೆ’ ಅಂತ ಅಳೋಕೆ ಶುರು ಮಾಡಿದರು. ಐದು ದಿನ ನುಂಗಿ ಬಿಟ್ಟುಬಿಟ್ಟಿದ್ದೇನೆ. ಮಾತ್ರೆ ಸಾಸಿವೆ ಡಬ್ಬದ ಹಿಂದೆ ಇದೆ. ಡಾಕ್ಟರಿಗೆ ಹೇಳಿಲ್ಲ. ಏನು ಮಾಡಲಿ?
— ಮದ್ದೂರು ತಾಲ್ಲೂಕು

ಉತ್ತರ: ತಂಗಿ, ತಡ ಆಗಬಾರದು ಅಂತ ನಿಮಗೆ ಫೋನಿನಲ್ಲೇ ಉತ್ತರ ಹೇಳಿಯಾಗಿದೆ. ಇಲ್ಲಿ ಪೂರ್ತಿಯಾಗಿ ಬರೆಯುತ್ತಿರುವುದು ನಿಮ್ಮ ಅತ್ತೆಯೂ ಓದಲಿ ಅಂತ. ಅವರ ಮೇಲೆ ನನಗೆ ಸಿಟ್ಟಿಲ್ಲ. ಒಂದೂವರೆ ಕೆಜಿ ಮೊಮ್ಮಗಳನ್ನು ಗಾಜಿನ ಆಚೆಯಿಂದ ಮೂರು ವಾರ ನೋಡಿಕೊಂಡು ನಿಂತವರು ಅವರು. ಹೆದರದೆ ಇರುತ್ತಾರಾ?

ಆದರೆ ಆ ದಿನಗಳು ಮತ್ತೆ ಬರಬಾರದು ಅಂತಲೇ ನಿಮ್ಮ ಡಾಕ್ಟರು ಈ ಮಾತ್ರೆ ಬರೆದಿರುವುದು. ಮೊದಲ ಸಲ ನಿಮಗೆ ಬಂದಿದ್ದನ್ನು ಪ್ರಿ-ಎಕ್ಲಾಂಪ್ಸಿಯಾ ಅನ್ನುತ್ತೇವೆ, ಕನ್ನಡದಲ್ಲಿ ಗರ್ಭನಂಜು ಅಂತಲೂ ಹೇಳುತ್ತಾರೆ. ಐದು ತಿಂಗಳು ತುಂಬಿದ ಮೇಲೆ ಬಿಪಿ 140/90 ದಾಟುತ್ತದೆ, ಯೂರಿನ್‌ನಲ್ಲಿ ಪ್ರೋಟೀನ್ ಹೋಗುತ್ತದೆ, ಇಲ್ಲವೇ ಲಿವರ್, ಕಿಡ್ನಿ, ಪ್ಲೇಟ್‌ಲೆಟ್, ಕಣ್ಣು, ತಲೆ ಹೀಗೆ ಎಲ್ಲೋ ಒಂದು ಕಡೆ ತೊಂದರೆ ಕಾಣಿಸಿಕೊಳ್ಳುತ್ತದೆ. ಜೋರಾದರೆ ಫಿಟ್ಸ್ ಬರುತ್ತದೆ. ಒಂದು ಸಲ ಬಂದವರಿಗೆ ಮುಂದಿನ ಬಸಿರಿನಲ್ಲೂ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಅದರಲ್ಲೂ ನಿಮ್ಮ ಹಾಗೆ ತಿಂಗಳು ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗಿ ಬಂದವರಿಗೆ ಇನ್ನೂ ಹೆಚ್ಚು.

ಇದು ಎಂಟನೇ ತಿಂಗಳಲ್ಲಿ ಕಾಣಿಸಿಕೊಂಡರೂ ಶುರುವಾಗುವುದು ಬಹಳ ಮೊದಲು. ನೀವು ಮದ್ದೂರಿನವರು, ನಾಲೆ ನೋಡಿದವರು, ಅದರಲ್ಲೇ ಹೇಳುತ್ತೇನೆ. ಕಟ್ಟೆ ತುಂಬ ನೀರಿದ್ದರೂ ಕಾಲುವೆ ಕಿರಿದಾಗಿದ್ದರೆ ಕೊನೆಯ ಗದ್ದೆಗೆ ನೀರು ಬರುವುದಿಲ್ಲ, ಅಲ್ವಾ? ಗರ್ಭಕೋಶದಲ್ಲಿ ಮಾಸು ಕೂರುವ ಜಾಗಕ್ಕೆ ಹೋಗುವ ರಕ್ತನಾಳಗಳು ಮೊದಲು ಸಣ್ಣಗೆ, ಸುರುಳಿ ಸುರುಳಿಯಾಗಿ ಇರುತ್ತವೆ. ಬಸಿರು ನಿಂತ ಮೇಲೆ ಅವು ಅಗಲ ಆಗಬೇಕು, ಮಗು ಬೆಳೆದ ಹಾಗೆ ಬೇಕಾಗುವಷ್ಟು ರಕ್ತ ಹಿಡಿಸಬೇಕು. ಈ ಕೆಲಸ ಹೆಚ್ಚಾಗಿ ಐದನೇ ತಿಂಗಳೊಳಗೆ ಮುಗಿದುಹೋಗುತ್ತದೆ. ಕೆಲವರಲ್ಲಿ ಇದು ಸರಿಯಾಗಿ ಆಗುವುದಿಲ್ಲ. ಮಾಸಿಗೆ ರಕ್ತ ಸಾಲದೆ ಬಂದಾಗ ಅದರಿಂದ ಕೆಲವು ಪದಾರ್ಥಗಳು ತಾಯಿಯ ರಕ್ತಕ್ಕೆ ಸೇರುತ್ತವೆ, ತಾಯಿಯ ಮೈಯ ರಕ್ತನಾಳಗಳೆಲ್ಲ ಬಿಗಿಯುತ್ತವೆ, ಬಿಪಿ ಏರುತ್ತದೆ.

ಆಸ್ಪಿರಿನ್ ಇಲ್ಲಿ ಏನು ಮಾಡುತ್ತದೆ? ನಮ್ಮ ರಕ್ತದ ಪ್ಲೇಟ್‌ಲೆಟ್‌ಗಳಲ್ಲಿ ಥ್ರಾಂಬಾಕ್ಸೇನ್ ಅಂತ ಒಂದು ಪದಾರ್ಥ ತಯಾರಾಗುತ್ತದೆ. ಅದು ನಾಳವನ್ನು ಬಿಗಿ ಮಾಡುತ್ತದೆ, ರಕ್ತ ಹೆಪ್ಪುಗಟ್ಟಿಸುತ್ತದೆ. ನಾಳದ ಒಳಗೋಡೆಯಲ್ಲಿ ಪ್ರೋಸ್ಟಾಸೈಕ್ಲಿನ್ ಅಂತ ಇನ್ನೊಂದು ತಯಾರಾಗುತ್ತದೆ, ಅದು ನಾಳವನ್ನು ಸಡಿಲ ಮಾಡುತ್ತದೆ. ಗರ್ಭನಂಜು ಬರುವವರಲ್ಲಿ ತಕ್ಕಡಿ ಮೊದಲನೆಯದರ ಕಡೆ ವಾಲಿರುತ್ತದೆ. ಸಣ್ಣ ಡೋಸಿನ ಆಸ್ಪಿರಿನ್ ಮುಖ್ಯವಾಗಿ ಥ್ರಾಂಬಾಕ್ಸೇನನ್ನು ತಡೆಯುತ್ತದೆ, ಎರಡನೆಯದನ್ನು ಅಷ್ಟಾಗಿ ಮುಟ್ಟುವುದಿಲ್ಲ. ಡೋಸು ಸಣ್ಣದಾಗಿರಬೇಕು ಅನ್ನುವುದು ಅದಕ್ಕೇ. ಮಾವನವರಿಗೆ ಹೃದಯದ ನಾಳದಲ್ಲಿ ರಕ್ತ ಕಟ್ಟದಿರಲಿ ಅಂತ ಕೊಡುತ್ತಾರೆ, ನಿಮಗೆ ಮಾಸಿನ ಕಡೆ ರಕ್ತ ಚೆನ್ನಾಗಿ ಹರಿಯಲಿ ಅಂತ ಕೊಡುತ್ತಾರೆ. ಮದ್ದು ಒಂದೇ, ಕೆಲಸದ ಜಾಗ ಬೇರೆ.

ಇದು ನಿನ್ನೆ ಮೊನ್ನೆ ಯಾರಿಗೋ ತೋಚಿದ್ದಲ್ಲ. ಬಸಿರಿನಲ್ಲಿ ಆಸ್ಪಿರಿನ್ ನುಂಗಿದವರಿಗೆ ಗರ್ಭನಂಜು ಕಡಿಮೆ ಅನ್ನುವುದು 1979ರಲ್ಲೇ ವೈದ್ಯರ ಕಣ್ಣಿಗೆ ಬಿದ್ದಿತ್ತು. 1994ರಲ್ಲಿ ಪ್ರಕಟವಾದ ಕ್ಲಾಸ್ಪ್ ಅನ್ನುವ ಅಧ್ಯಯನದಲ್ಲಿ 9,364 ಮಂದಿ ಬಸುರಿಯರಿದ್ದರು. ಅದರಲ್ಲಿ ಕೊಟ್ಟಿದ್ದು 60 ಮಿಲಿಗ್ರಾಂ, ಎಷ್ಟೋ ಜನಕ್ಕೆ ತಡವಾಗಿ ಶುರು ಮಾಡಿದ್ದರು, ಅಂಥ ಲಾಭ ಕಾಣಲಿಲ್ಲ. ಆದರೆ ಮಕ್ಕಳಿಗೆ ಇದರಿಂದ ಕೇಡಿಲ್ಲ ಅನ್ನುವ ಧೈರ್ಯ ಬಂದಿದ್ದು ಆ ಅಧ್ಯಯನದಿಂದ. ಹುಟ್ಟಿದ ಮೇಲೂ ಒಂದು, ಒಂದೂವರೆ ವರ್ಷದವರೆಗೆ ಆ ಮಕ್ಕಳ ಬೆಳವಣಿಗೆ ನೋಡಿದ್ದಾರೆ. ಆಮೇಲೆ 2017ರಲ್ಲಿ ಆಸ್ಪ್ರೆ ಅನ್ನುವ ಇನ್ನೊಂದು ಅಧ್ಯಯನ ಬಂತು. ಅಪಾಯ ಹೆಚ್ಚಿರುವವರನ್ನು ಮೂರನೇ ತಿಂಗಳಲ್ಲೇ ಹುಡುಕಿ, 11ರಿಂದ 14ನೇ ವಾರದೊಳಗೆ ಶುರು ಮಾಡಿ, 36ನೇ ವಾರದವರೆಗೆ ದಿನಾ ರಾತ್ರಿ 150 ಮಿಲಿಗ್ರಾಂ ಕೊಟ್ಟರು. 37 ವಾರಕ್ಕೆ ಮೊದಲೇ ಹೆರಿಗೆ ಮಾಡಿಸಬೇಕಾಗುವಂಥ ಗರ್ಭನಂಜು, ಅಂದರೆ ನಿಮಗೆ ಬಂದಂಥದ್ದೇ, ಮದ್ದೇ ಇಲ್ಲದ ಹುಸಿ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 4.3 ಮಂದಿಗೆ ಬಂತು. ಆಸ್ಪಿರಿನ್ ತಗೊಂಡವರಲ್ಲಿ ನೂರಕ್ಕೆ 1.6 ಮಂದಿಗೆ. ಅರ್ಧಕ್ಕಿಂತ ಕಡಿಮೆ! ನಿಮ್ಮ ಚೀಟಿಯಲ್ಲಿರುವ 150, ರಾತ್ರಿ ಹೊತ್ತು, 13ನೇ ವಾರ ಎಲ್ಲ ಅದೇ ಲೆಕ್ಕದಲ್ಲೇ ಇದೆ ನೋಡಿ. ನಿಮ್ಮ ಡಾಕ್ಟರು ಸರಿಯಾಗೇ ಯೋಚನೆ ಮಾಡಿದ್ದಾರೆ. ಯಾಕೆ ಕೊಡುತ್ತಿದ್ದೇನೆ ಅಂತ ಎರಡು ನಿಮಿಷ ಕೂರಿಸಿ ಹೇಳಿದ್ದರೆ ಮಾತ್ರೆ ಸಾಸಿವೆ ಡಬ್ಬದ ಹಿಂದೆ ಹೋಗುತ್ತಿರಲಿಲ್ಲ ಅನ್ನಿಸುತ್ತದೆ. ಒಪಿಡಿಯಲ್ಲಿ ಆ ಎರಡು ನಿಮಿಷ ಸಿಗುವುದಿಲ್ಲ, ನನಗೂ ಎಷ್ಟೋ ಸಲ ಸಿಕ್ಕಿಲ್ಲ, ಅದು ನಮ್ಮ ಕಡೆಯ ತಪ್ಪು.

ಈಗ ಅತ್ತೆಯವರ ಮಾತಿಗೆ ಬರೋಣ. ಜಾರಿ ಹೋಗುತ್ತಾ? ಇಲ್ಲ. ಈ ಡೋಸಿನಿಂದ ಗರ್ಭಪಾತ ಹೆಚ್ಚಾಗುವುದಾಗಲಿ, ಮಗುವಿಗೆ ಅಂಗವೈಕಲ್ಯ ಬರುವುದಾಗಲಿ ಕಂಡುಬಂದಿಲ್ಲ. ರಕ್ತ ನೀರಾಗುತ್ತಾ? ‘ರಕ್ತ ತೆಳು ಮಾಡುವ ಮಾತ್ರೆ’ ಅನ್ನುವ ಹೆಸರೇ ಈ ಭಯ ಹುಟ್ಟಿಸುವುದು. ರಕ್ತ ತೆಳ್ಳಗಾಗುವುದಿಲ್ಲ, ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದು ಕಡಿಮೆಯಾಗುತ್ತದೆ, ಅಷ್ಟೇ. ಕೆಲವರಿಗೆ ಹಲ್ಲುಜ್ಜುವಾಗ ವಸಡಿನಲ್ಲಿ ಸ್ವಲ್ಪ ರಕ್ತ ಕಾಣಬಹುದು, ಹೊಟ್ಟೆ ಉರಿ ಬರಬಹುದು. ಹೆರಿಗೆ ಹೊತ್ತಿನಲ್ಲಿ ರಕ್ತಸ್ರಾವ ತುಸು ಜಾಸ್ತಿ ಆಗಬಹುದು ಅಂತ ಕೆಲವು ಅಧ್ಯಯನಗಳು ಹೇಳಿವೆ, ಹೀಗಾಗಿ ಎಷ್ಟೋ ವೈದ್ಯರು 36ನೇ ವಾರಕ್ಕೆ ನಿಲ್ಲಿಸುತ್ತಾರೆ. ಮುಚ್ಚಿಡುವಂಥದ್ದು ಏನೂ ಇಲ್ಲ. ನಿಮ್ಮ ಹಾಗೆ ಮೊದಲ ಸಲ ಕಷ್ಟಪಟ್ಟವರಿಗೆ ಲಾಭದ ತಟ್ಟೆಯೇ ತುಂಬ ಭಾರ.

ಎಲ್ಲರಿಗೂ ಇದು ಆಗಿಬರುವುದಿಲ್ಲ ಅನ್ನುವುದೂ ನಿಜ. ಆಸ್ಪಿರಿನ್ ಅಲರ್ಜಿ ಇರುವವರು, ನೋವಿನ ಮಾತ್ರೆ ನುಂಗಿದರೆ ಉಬ್ಬಸ ಏರುವವರು, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿದ್ದವರು, ರಕ್ತ ನಿಲ್ಲದ ಕಾಯಿಲೆ ಇರುವವರು, ಲಿವರ್ ಕೆಟ್ಟವರು ಮೊದಲೇ ಬಾಯಿ ಬಿಟ್ಟು ಹೇಳಬೇಕು. ನೀವು ಫೋನಿನಲ್ಲಿ ಇವು ಯಾವುದೂ ಇಲ್ಲ ಅಂದಿರಿ.

ಹಾಗಾದರೆ ಮತ್ತೆ ಶುರು ಮಾಡಿ, ಬಿಟ್ಟಿದ್ದ ವಿಷಯ ಡಾಕ್ಟರಿಗೂ ಹೇಳಿ. ಬೈದರೆ ಬೈಯಲಿ. ಬಿಟ್ಟ ದಿನಗಳ ಲೆಕ್ಕಕ್ಕೆ ಎರಡೆರಡು ನುಂಗಬೇಡಿ. ರಾತ್ರಿ ಊಟ ಆದ ಮೇಲೆ ಒಂದು, ನೀರಿನಲ್ಲಿ ಇಡಿಯಾಗಿ ನುಂಗಿ. ಹೊಟ್ಟೆಯಲ್ಲಿ ಕರಗದೆ ಕರುಳಿಗೆ ಹೋಗಿ ಕರಗಲಿ ಅಂತ ಮೇಲೊಂದು ಲೇಪನ ಕೊಟ್ಟಿರುತ್ತಾರೆ, ಪುಡಿ ಮಾಡಿದರೆ ಅದು ಹೋಗುತ್ತದೆ. ದಿನಾ ತಪ್ಪದೆ ತಗೊಳ್ಳುವುದೇ ಇದರಲ್ಲಿ ಮುಖ್ಯ. ಆಸ್ಪ್ರೆ ಅಧ್ಯಯನದಲ್ಲೂ ನೂರಕ್ಕೆ 90ಕ್ಕಿಂತ ಹೆಚ್ಚು ಮಾತ್ರೆ ಸರಿಯಾಗಿ ನುಂಗಿದವರಿಗೇ ಜಾಸ್ತಿ ಲಾಭ ಆಗಿದ್ದು. ನಾಲೆಗೆ ನೀರು ಬಿಟ್ಟ ಮೇಲೆ ಹೂಳೆತ್ತೋಕೆ ಆಗುತ್ತಾ? ಏಳನೇ ತಿಂಗಳಲ್ಲಿ ಬಿಪಿ ಏರಿದ ಮೇಲೆ ‘ಆ ಮಾತ್ರೆ ಕೊಡಿ ಮೇಡಂ’ ಅಂತ ಬಂದವರಿಗೆ ಅದರಿಂದ ಏನೂ ಮಾಡಿಕೊಡಲು ನನಗೆ ಆಗಿಲ್ಲ. ನೀವು ಸರಿಯಾದ ಹೊತ್ತಿನಲ್ಲಿ ಇದ್ದೀರಿ.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಮರೆಯಬೇಡಿ. ನಿಮ್ಮ ಮಾತ್ರೆ ಖಾಲಿಯಾದ ದಿನ ಮಾವನವರ ಸ್ಟ್ರಿಪ್ಪಿನಿಂದ ಒಂದು ತೆಗೆದು ನುಂಗಬೇಡಿ. ಸ್ಟೆಂಟ್ ಹಾಕಿದವರಿಗೆ ಕೊಡುವುದು ಎಷ್ಟೋ ಸಲ ಬರೀ ಇಕೋಸ್ಪ್ರಿನ್ ಆಗಿರುವುದಿಲ್ಲ. ಹೆಸರಿನ ಮುಂದೆ ಎವಿ ಅಂತಲೋ ಗೋಲ್ಡ್ ಅಂತಲೋ ಇರುತ್ತದೆ. ಎವಿ ಅಂದರೆ ಅದರಲ್ಲಿ ಕೊಲೆಸ್ಟ್ರಾಲಿನ ಮದ್ದು ಸೇರಿದೆ, ಗೋಲ್ಡ್ ಅಂದರೆ ಅದರ ಜೊತೆ ಇನ್ನೂ ಒಂದು ರಕ್ತದ ಮದ್ದು ಸೇರಿದೆ. ಅವು ನಿಮಗೆ ಬರೆದುಕೊಟ್ಟವಲ್ಲ. ಹೆಸರಿನ ಮೊದಲರ್ಧ ಒಂದೇ ಆಗಿರುವುದರಿಂದ ಮನೆಯಲ್ಲಿ ಒಂದೇ ಡಬ್ಬದಲ್ಲಿ ಇಡುತ್ತಾರೆ, ಕರೆಂಟ್ ಹೋದ ರಾತ್ರಿ ಅದಲು ಬದಲಾಗುತ್ತದೆ. ನಿಮ್ಮದನ್ನು ಬೇರೆ ಇಡಿ. ಸಾಸಿವೆ ಡಬ್ಬದ ಹಿಂದೆ ಬೇಡ, ಮುಂದೆಯೇ ಇಡಿ.

ಪ್ರಶ್ನೆ: ನನಗೆ 24. ಮೊದಲ ಬಸಿರು, 10 ವಾರ. ಬಿಪಿ, ಶುಗರ್ ಏನೂ ಇಲ್ಲ. ನಮ್ಮ ಆಫೀಸಿನಲ್ಲಿ ಇನ್ನಿಬ್ಬರು ಬಸುರಿಯರಿದ್ದಾರೆ, ಇಬ್ಬರಿಗೂ ಆಸ್ಪಿರಿನ್ ಕೊಟ್ಟಿದ್ದಾರೆ. ನಮ್ಮ ಡಾಕ್ಟರು ನನಗೆ ಕೊಟ್ಟಿಲ್ಲ. ಮರೆತಿರಬಹುದಾ? ನಾನೇ ತಗೊಳ್ಳೋಕೆ ಶುರು ಮಾಡಲಾ?
— ಕುವೆಂಪುನಗರ, ಮೈಸೂರು

ಉತ್ತರ: ನೀವೇ ಶುರು ಮಾಡಬೇಡಿ. ಕೇಳುವುದನ್ನು ಮಾತ್ರ ಖಂಡಿತ ಕೇಳಿ.

ನಾವು ಲೆಕ್ಕ ಹಾಕುವುದು ಹೀಗೆ. ಹಿಂದಿನ ಬಸಿರಿನಲ್ಲಿ ಗರ್ಭನಂಜು ಬಂದಿದ್ದರೆ, ಹೊಟ್ಟೆಯಲ್ಲಿ ಅವಳಿ ಮಕ್ಕಳಿದ್ದರೆ, ಬಸಿರಿಗೆ ಮೊದಲೇ ಬಿಪಿ ಅಥವಾ ಶುಗರ್ ಇದ್ದರೆ, ಕಿಡ್ನಿ ಕಾಯಿಲೆ ಇದ್ದರೆ, ಮೈಯ ರಕ್ಷಣಾ ಶಕ್ತಿಯೇ ಮೈಯ ಮೇಲೆ ತಿರುಗಿಬೀಳುವ ಲೂಪಸ್‌ನಂಥ ಕಾಯಿಲೆ ಇದ್ದರೆ ಆ ಒಂದೇ ಕಾರಣ ಸಾಕು, ಮಾತ್ರೆ ಕೊಡುತ್ತೇವೆ. ಇನ್ನು ಕೆಲವು ಇವೆ, ಒಂದೊಂದೇ ಇದ್ದರೆ ಅಷ್ಟು ತೂಕವಿಲ್ಲ, ಎರಡು ಮೂರು ಸೇರಿದರೆ ಯೋಚಿಸಬೇಕು. ಮೊದಲ ಬಸಿರು, 35 ದಾಟಿದ ವಯಸ್ಸು, ಮೈ ತೂಕ ತುಂಬಾ ಜಾಸ್ತಿ ಇರುವುದು, ಅಮ್ಮನಿಗೋ ಒಡಹುಟ್ಟಿದ ಅಕ್ಕತಂಗಿಗೋ ಗರ್ಭನಂಜು ಬಂದಿರುವುದು, ಐವಿಎಫ್‌ನಿಂದ ಆದ ಬಸಿರು, ಹಿಂದಿನ ಹೆರಿಗೆಯಾಗಿ ಹತ್ತು ವರ್ಷ ಆಗಿರುವುದು, ಇಂಥವು. ನಿಮಗೆ ಈಗ ಗೊತ್ತಿರುವುದು ಒಂದೇ, ಮೊದಲ ಬಸಿರು.

ಅಮ್ಮನಿಗೆ ಫೋನ್ ಮಾಡಿ ಕೇಳಿ. ‘ನಾನು ಹೊಟ್ಟೆಯಲ್ಲಿದ್ದಾಗ ನಿನಗೆ ಬಿಪಿ ಬಂದಿತ್ತಾ, ಮುಖ ಊದಿತ್ತಾ, ಫಿಟ್ಸ್ ಬಂದಿತ್ತಾ, ಬೇಗ ಹೆರಿಗೆ ಮಾಡಿಸಿದರಾ?’ ಇದನ್ನು ನಮ್ಮ ಹುಡುಗಿಯರು ಕೇಳುವುದೇ ಇಲ್ಲ, ಅಮ್ಮಂದಿರೂ ಹೇಳುವುದಿಲ್ಲ. ಸೀರೆ ಬಣ್ಣದಿಂದ ಹಿಡಿದು ಎಲ್ಲ ಮಾತಾಡುತ್ತಾರೆ, ಇದೊಂದು ಬಿಟ್ಟು. ಹೌದು ಅಂದರೆ ಡಾಕ್ಟರಿಗೆ ಹೇಳಿ, ಲೆಕ್ಕ ಬದಲಾಗುತ್ತದೆ. 11ರಿಂದ 14 ವಾರದೊಳಗೆ ಮಗುವಿನ ಕತ್ತಿನ ಹಿಂಭಾಗ ನೋಡುವ ಎನ್‌ಟಿ ಸ್ಕ್ಯಾನ್ ಮಾಡುವಾಗ ಗರ್ಭಕೋಶದ ರಕ್ತನಾಳದ ಡಾಪ್ಲರ್, ಅಂದರೆ ಅದರಲ್ಲಿ ರಕ್ತ ಹೇಗೆ ಹರಿಯುತ್ತಿದೆ ಅನ್ನುವುದನ್ನೂ ನೋಡಬಹುದು, ಅದರ ಜೊತೆ ಬಿಪಿ ಮತ್ತು ಒಂದು ರಕ್ತ ಪರೀಕ್ಷೆ ಸೇರಿಸಿ ಅಪಾಯ ಎಷ್ಟು ಅಂತ ಅಂದಾಜು ಮಾಡುತ್ತಾರೆ.

ಎಲ್ಲ ಮೊದಲ ಬಸುರಿಯರಿಗೂ ಕೊಟ್ಟರೆ ಹೇಗೆ ಅನ್ನುವ ಪ್ರಶ್ನೆ ನನಗೂ ಇದೆ. 2020ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಆರು ದೇಶಗಳ ಸುಮಾರು 12,000 ಮಂದಿ ಚೊಚ್ಚಲ ಬಸುರಿಯರಿದ್ದರು. ನಮ್ಮ ಬೆಳಗಾವಿಯ ಹೆಣ್ಣುಮಕ್ಕಳೂ ಅದರಲ್ಲಿದ್ದರು. ದಿನಕ್ಕೆ 81 ಮಿಲಿಗ್ರಾಂ ಕೊಟ್ಟಾಗ 37 ವಾರಕ್ಕೆ ಮೊದಲೇ ಹೆರುವವರು ನೂರಕ್ಕೆ 13.1ರಿಂದ 11.6ಕ್ಕೆ ಇಳಿದರು. ಅವಧಿಗೆ ಮುಂಚೆ ಹುಟ್ಟುವ ಮಕ್ಕಳು ನಮ್ಮಲ್ಲಿ ಇಷ್ಟೊಂದು ಇರುವಾಗ ಇದು ಸಣ್ಣ ಸಂಗತಿಯಲ್ಲ. ಆದರೂ ಈಗಿನ ಸಲಹೆಗಳು ಅಪಾಯ ನೋಡಿಯೇ ಕೊಡಿ ಅನ್ನುತ್ತವೆ, ನಾನೂ ಹಾಗೇ ಮಾಡುತ್ತೇನೆ.

ಇನ್ನೊಂದು ಮಾತು, ನಿಮ್ಮ ಆಫೀಸಿನವರಿಗಾಗಿ. ಒಂದು ಸಲ ಗರ್ಭಪಾತ ಆಯಿತು ಅಂದ ತಕ್ಷಣ, ಕಾರಣ ಏನೂ ಇಲ್ಲದೆ, ಟೆಸ್ಟ್ ಪಾಸಿಟಿವ್ ಬಂದ ದಿನದಿಂದಲೇ ಆಸ್ಪಿರಿನ್ ಕೊಡುವುದನ್ನು ನೋಡುತ್ತೇನೆ. ಕಾರಣ ಗೊತ್ತಿಲ್ಲದ ಗರ್ಭಪಾತಕ್ಕೆ ಇದರಿಂದ ಪ್ರಯೋಜನ ಕಂಡಿಲ್ಲ. ಆಂಟಿಫಾಸ್ಫೋಲಿಪಿಡ್ ಅನ್ನುವ ರಕ್ತದ ತೊಂದರೆ ಇದ್ದು ಪದೇ ಪದೇ ಗರ್ಭ ಹೋಗುವವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಜೊತೆ ಕೊಡುವುದು ಬೇರೆ ವಿಷಯ. ‘ನನಗೆ ಯಾಕೆ ಕೊಟ್ಟಿದ್ದೀರಿ?’ ಅಂತ ಅವರೂ ಒಂದು ಸಲ ಕೇಳಲಿ.

ಪ್ರಶ್ನೆ: ಅಮೆರಿಕದಲ್ಲಿರುವ ನಾದಿನಿಗೆ 81 ಮಿಲಿಗ್ರಾಂ ಕೊಟ್ಟಿದ್ದಾರೆ. ನನಗೆ ಇಲ್ಲಿ 75. ನನ್ನ ಅಕ್ಕನಿಗೆ 150. ಯಾವುದು ಸರಿ ಮೇಡಂ?
— ಶ್ರೀರಂಗಪಟ್ಟಣ

ಉತ್ತರ: ಅಮೆರಿಕದಲ್ಲಿ ಹಳೆಯ 325 ಮಿಲಿಗ್ರಾಂ ಮಾತ್ರೆಯ ಕಾಲು ಭಾಗ 81, ಅಲ್ಲಿನ ಅಂಗಡಿಯಲ್ಲಿ ಸಿಗುವುದು ಅದೇ. ನಮ್ಮಲ್ಲಿ ಸಿಗುವುದು 75 ಮತ್ತು 150. ವಿಶ್ವ ಆರೋಗ್ಯ ಸಂಸ್ಥೆ 75 ಅನ್ನುತ್ತದೆ, ಇಂಗ್ಲೆಂಡಿನ ಸಲಹೆಯಲ್ಲಿ 75ರಿಂದ 150 ಅಂತಿದೆ, ಹೆರಿಗೆ ತಜ್ಞರ ಅಂತಾರಾಷ್ಟ್ರೀಯ ಒಕ್ಕೂಟ 150ರ ಕಡೆಗಿದೆ. ನೂರಕ್ಕಿಂತ ಮೇಲಿನ ಡೋಸು ಹೆಚ್ಚು ಕೆಲಸ ಮಾಡುತ್ತದೆ ಅನ್ನುವ ಕಡೆಗೆ ನನ್ನ ಒಲವು. ನಿಮ್ಮ ತೂಕ, ಹೊಟ್ಟೆಯ ತೊಂದರೆ ನೋಡಿ ನಿಮ್ಮ ಡಾಕ್ಟರು 75 ಬರೆದಿರಬಹುದು, ಕೇಳಿ ನೋಡಿ. ಅಕ್ಕನ ಚೀಟಿ ನೋಡಿ ನೀವೇ ಎರಡು ಮಾಡಿಕೊಳ್ಳಬೇಡಿ.

ತಲೆನೋವಿಗೆ ಅಂಗಡಿಯಲ್ಲಿ ಸಿಗುವ ಡಿಸ್ಪ್ರಿನ್ ಕೂಡ ಆಸ್ಪಿರಿನ್ನೇ, ಆದರೆ ಅದರಲ್ಲಿ 300 ಮಿಲಿಗ್ರಾಂಗಿಂತ ಜಾಸ್ತಿ ಇರುತ್ತದೆ. ಅದು ಬೇಡ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಥರದ ನೋವಿನ ಮಾತ್ರೆಗಳೂ ಬೇಡ. ಅದರಲ್ಲೂ ಐದು ತಿಂಗಳಾದ ಮೇಲೆ ಅವು ಮಗುವಿನ ಕಿಡ್ನಿಗೆ ತೊಂದರೆ ಕೊಟ್ಟು ಸುತ್ತಲ ನೀರು ಕಡಿಮೆ ಮಾಡಬಹುದು. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್.

ಪ್ರಶ್ನೆ: ನನ್ನ ಹೆಂಡತಿಗೆ ಐದು ತಿಂಗಳು. ಬಿಪಿ ಬರದಿರಲಿ ಅಂತ ಆಸ್ಪಿರಿನ್ ಕೊಟ್ಟಿದ್ದಾರೆ. ಎರಡು ದಿನದಿಂದ ಜ್ವರ, ಮೈಕೈ ನೋವು, ಕಣ್ಣಿನ ಹಿಂದೆ ನೋವು. ನಮ್ಮ ಬೀದಿಯಲ್ಲಿ ಇಬ್ಬರಿಗೆ ಡೆಂಗಿ ಬಂದಿದೆ. ಮಾತ್ರೆ ತಪ್ಪಿಸಬಾರದು ಅಂದಿದ್ದರು, ಕೊಡ್ತಾ ಇದ್ದೇನೆ. ಸರಿ ತಾನೇ?
— ಮಂಡ್ಯ

ಉತ್ತರ: ಇವರಿಗೆ ಇಮೇಲ್ ಬಂದ ಗಂಟೆಯೊಳಗೇ ಫೋನ್ ಮಾಡಿದೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತೇನೆ. ಡೆಂಗಿ ಇರಬಹುದು ಅನ್ನುವ ಅನುಮಾನ ಬಂದರೆ ಆ ರಾತ್ರಿಯ ಆಸ್ಪಿರಿನ್ ಕೊಡಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುತ್ತದೆ. ಇರುವ ಪ್ಲೇಟ್‌ಲೆಟ್‌ಗಳನ್ನೂ ಆಸ್ಪಿರಿನ್ ಕೆಲಸ ಮಾಡದ ಹಾಗೆ ಮಾಡುತ್ತದೆ. ಒಂದು ಸಲ ಆಸ್ಪಿರಿನ್ ತಾಗಿದ ಪ್ಲೇಟ್‌ಲೆಟ್ ಸಾಯುವವರೆಗೂ, ಅಂದರೆ ಏಳರಿಂದ ಹತ್ತು ದಿನ, ಹಾಗೇ ಇರುತ್ತದೆ. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಚೆನ್ನಾಗಿ ನೀರು, ಗಂಜಿ, ಎಳನೀರು, ರಕ್ತ ಪರೀಕ್ಷೆ. ಬಸುರಿಗೆ ಡೆಂಗಿ ಅಂದರೆ ಮನೆಯಲ್ಲಿ ಇಟ್ಟುಕೊಂಡು ನೋಡುವ ಕಾಯಿಲೆ ಅಲ್ಲ. ಆಸ್ಪಿರಿನ್ ಮತ್ತೆ ಯಾವಾಗ ಶುರು ಅಂತ ಡಾಕ್ಟರೇ ಹೇಳುತ್ತಾರೆ. ನಡುವೆ ಒಂದೆರಡು ವಾರ ತಪ್ಪಿದರೆ ಪರವಾಗಿಲ್ಲ. ಮಳೆಗಾಲದಲ್ಲಿ ಆಸ್ಪಿರಿನ್ ಬರೆಯುವಾಗಲೆಲ್ಲ ಈ ಮಾತು ಸೇರಿಸಿ ಹೇಳಬೇಕು ಅಂತ ಇವರ ಪತ್ರದಿಂದ ನನಗೂ ನೆನಪಾಯಿತು.

ಪ್ರಶ್ನೆ: ಮಗಳಿಗೆ ಏಳು ತಿಂಗಳು. ಸೀಮಂತ ಮುಗಿಸಿ ಮನೆಗೆ ಕರೆದುಕೊಂಡು ಬಂದಿದ್ದೇನೆ. ಅವಳಿಗೆ ಆಸ್ಪಿರಿನ್ ಕೊಟ್ಟಿದ್ದಾರೆ, ‘ಅದು ಇದೆಯಲ್ಲಮ್ಮ, ಬಿಪಿ ಬರಲ್ಲ’ ಅಂತ ಚೆಕಪ್ಪಿಗೆ ಹೋಗೋಕೆ ಬೇಜಾರು ಮಾಡುತ್ತಾಳೆ. ಕಾಲು ಊದಿದೆ. ಉಪ್ಪು ಪೂರ್ತಿ ಬಿಡಿಸಿದ್ದೇನೆ. ಇನ್ನೇನು ಮಾಡಬೇಕು?
— ಪಾಂಡವಪುರ ತಾಲ್ಲೂಕು

ಉತ್ತರ: ಅಮ್ಮಾ, ಮಗಳ ಮಾತು ತಪ್ಪು. ಈ ಮಾತ್ರೆ ಅಪಾಯ ಕಡಿಮೆ ಮಾಡುತ್ತದೆ, ಪೂರ್ತಿ ತೆಗೆದುಹಾಕುವುದಿಲ್ಲ. ಆಸ್ಪ್ರೆ ಅಧ್ಯಯನದಲ್ಲೇ 37 ವಾರ ಆದ ಮೇಲೆ ಬರುವ ಗರ್ಭನಂಜು ಅಷ್ಟೇನೂ ಕಡಿಮೆಯಾಗಲಿಲ್ಲ. ನೀವು ಅವಳನ್ನು ಕರೆದುಕೊಂಡು ಬಂದಿರುವುದೇ ಬಿಪಿ ಏರುವ ತಿಂಗಳುಗಳಲ್ಲಿ.

ತವರಿಗೆ ಬರುವಾಗ ಬಳೆ, ಸೀರೆ, ಮಡಿಲು ತುಂಬಿದ್ದು ಎಲ್ಲ ಬರುತ್ತದೆ, ತಾಯಿ ಕಾರ್ಡ್ ಗಂಡನ ಮನೆಯ ಬೀರುವಿನಲ್ಲೇ ಉಳಿಯುತ್ತದೆ. ಅದನ್ನು ಮೊದಲು ತರಿಸಿ. ಮೂರನೇ ತಿಂಗಳಲ್ಲಿ ಬಿಪಿ ಎಷ್ಟಿತ್ತು ಅಂತ ಗೊತ್ತಿದ್ದರೆ ಈಗಿನ 130 ಅವಳಿಗೆ ಜಾಸ್ತಿಯೋ ಮಾಮೂಲೋ ಅಂತ ತಿಳಿಯುತ್ತದೆ. ನಿಮ್ಮೂರಿನ ಆಶಾ ಕಾರ್ಯಕರ್ತೆಗೆ ಮಗಳು ಬಂದಿದ್ದಾಳೆ ಅಂತ ಹೇಳಿ. ಪ್ರತಿ ತಿಂಗಳು 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ತಪಾಸಣೆ ಇರುತ್ತದೆ, 2016ರಿಂದ ನಡೆಯುತ್ತಿದೆ. ಆದರೆ ಇವಳಿಗೆ ತಿಂಗಳಿಗೊಂದು ಸಲ ಸಾಲದು. ಬಿಪಿ ಅಪಾಯ ಇದೆ ಅಂತಲೇ ಮಾತ್ರೆ ಕೊಟ್ಟಿರುವುದರಿಂದ ಹದಿನೈದು ದಿನಕ್ಕೊಮ್ಮೆ, ಒಂಬತ್ತನೇ ತಿಂಗಳಲ್ಲಿ ವಾರಕ್ಕೊಮ್ಮೆ ನೋಡಿಸಿ. ನಡೆದು ಬಂದ ತಕ್ಷಣ ಅಳೆಯಬಾರದು. ಐದು ನಿಮಿಷ ಬೆನ್ನು ಆನಿಸಿ ಕೂತು, ಕಾಲು ನೆಲಕ್ಕೆ ಊರಿ, ಕೈ ಎದೆಯ ಮಟ್ಟಕ್ಕೆ ಇಟ್ಟು ನೋಡಬೇಕು.

ಉಪ್ಪು ಪೂರ್ತಿ ಬಿಡಿಸಬೇಡಿ. ಉಪ್ಪು ಬಿಟ್ಟರೆ ಗರ್ಭನಂಜು ಬರುವುದಿಲ್ಲ ಅನ್ನುವುದಕ್ಕೆ ಆಧಾರ ಇಲ್ಲ. ಸಪ್ಪೆ ಸಾರು ಉಣ್ಣಲಾಗದೆ ಹುಡುಗಿ ಊಟವನ್ನೇ ಬಿಡುತ್ತಾಳೆ, ಅದು ಇನ್ನೂ ಕೆಟ್ಟದ್ದು. ಉಪ್ಪಿನಕಾಯಿ, ಹಪ್ಪಳ ಹಿತಮಿತವಾಗಿರಲಿ ಸಾಕು. ನಿಮ್ಮ ಕಡೆಯ ರಾಗಿ ಮುದ್ದೆ ಒಳ್ಳೆಯದು, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವವರಿಗೆ ಅದನ್ನು ಸೇರಿಸಿ ಕೊಟ್ಟರೆ ಗರ್ಭನಂಜಿನ ಅಪಾಯ ತಗ್ಗುತ್ತದೆ. ಹಾಗಂತ ಮುದ್ದೆ ಇದೆ ಅಂತ ಕ್ಯಾಲ್ಸಿಯಂ ಮಾತ್ರೆ ಬಿಡಬೇಡಿ. ಆಸ್ಪತ್ರೆಯಲ್ಲಿ ಕೊಡುವ 500 ಮಿಲಿಗ್ರಾಂ ಮಾತ್ರೆ ದಿನಕ್ಕೆ ಎರಡು, ಊಟದ ಜೊತೆ. ಕಬ್ಬಿಣದ ಮಾತ್ರೆಯನ್ನು ಅದರ ಜೊತೆಗೇ ಕೊಡಬೇಡಿ, ಎರಡು ಗಂಟೆ ಬಿಟ್ಟು ಕೊಡಿ, ಇಲ್ಲದಿದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ.

ಸಂಜೆ ಹೊತ್ತಿಗೆ ಪಾದ ಊದುವುದು ಎಷ್ಟೋ ಬಸುರಿಯರಿಗೆ ಇದ್ದದ್ದೇ. ಬೆಳಿಗ್ಗೆ ಏಳುವಾಗಲೇ ಮುಖ ಊದಿದ್ದರೆ, ಬೆರಳಿನ ಉಂಗುರ ಬಿಗಿಯಾದರೆ ಅವತ್ತೇ ಬಿಪಿ ನೋಡಿಸಿ. ಬಿಡದ ತಲೆನೋವು, ಕಣ್ಣು ಮಂಜಾಗುವುದು, ಕಣ್ಣ ಮುಂದೆ ಮಿಣುಕು ಮಿಣುಕು ಕಾಣುವುದು, ಪಕ್ಕೆಲುಬಿನ ಕೆಳಗೆ ಬಲಗಡೆ ನೋವು, ಉಸಿರು ಸಾಲದ ಹಾಗೆ ಆಗುವುದು, ಮಗುವಿನ ಓಡಾಟ ಕಡಿಮೆಯಾಗುವುದು, ಇವು ಬಂದರೆ ಬೆಳಗಾಗುವವರೆಗೆ ಕಾಯಬೇಡಿ. ನಾನು ಕಲಿಯುತ್ತಿದ್ದ ಕಾಲದಲ್ಲಿ ಒಬ್ಬ ಹುಡುಗಿಯನ್ನು ಕರೆತಂದಿದ್ದರು. ಎರಡು ದಿನದಿಂದ ತಲೆನೋವು, ಮೇಲುಹೊಟ್ಟೆ ನೋವು. ಮನೆಯವರು ಪಿತ್ತ ಅಂದುಕೊಂಡು ನಿಂಬೆಹಣ್ಣಿನ ಪಾನಕ ಕೊಡುತ್ತಾ ಇದ್ದರು. ಆಟೋದಲ್ಲೇ ಫಿಟ್ಸ್ ಬಂತು. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಅವಳ ಅಮ್ಮ ಆಮೇಲೂ ‘ಪಿತ್ತ ಅಂದ್ಕೊಂಡೆ ಕಣವ್ವ’ ಅಂತ ನನ್ನ ಕೈ ಹಿಡಿದುಕೊಂಡೇ ಇದ್ದರು. ಯಾರೂ ಅವರಿಗೆ ಹೇಳಿರಲಿಲ್ಲ, ಅದಕ್ಕೇ ನಿಮಗೆ ಹೇಳುತ್ತಿದ್ದೇನೆ. 160/110 ಬಂದರೆ 108ಕ್ಕೆ ಫೋನ್ ಮಾಡಿ. ಮಂಡ್ಯದ ಮಿಮ್ಸ್ ಆಗಲಿ, ಮೈಸೂರಿನ ಚೆಲುವಾಂಬ ಆಸ್ಪತ್ರೆ ಆಗಲಿ, ತಾಯಿ ಮಗು ಇಬ್ಬರನ್ನೂ ನೋಡುವಂಥ ದೊಡ್ಡ ಆಸ್ಪತ್ರೆಗೇ ಹೋಗಿ. ಫಿಟ್ಸ್ ಬರದ ಹಾಗೆ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಕೊಡುತ್ತಾರೆ, ಅದು ಆ ಅಪಾಯವನ್ನು ಅರ್ಧಕ್ಕೆ ಇಳಿಸುತ್ತದೆ.

ಪ್ರಶ್ನೆ: 35 ವಾರ ಆಗಿದೆ. ಸಿಸೇರಿಯನ್ ಆಗಬಹುದು ಅಂದಿದ್ದಾರೆ. ಆಸ್ಪಿರಿನ್ ತಗೊಳ್ಳೋರಿಗೆ ಬೆನ್ನಿಗೆ ಇಂಜೆಕ್ಷನ್ ಕೊಡಲ್ಲ ಅಂತ ಯಾರೋ ಹೇಳಿದರು. ನಿಜವಾ?
— ನಂಜನಗೂಡು

ಉತ್ತರ: ಇಲ್ಲ. ಬರೀ ಸಣ್ಣ ಡೋಸಿನ ಆಸ್ಪಿರಿನ್ ತಗೊಳ್ಳುತ್ತಿದ್ದೀರಿ ಅನ್ನುವ ಒಂದೇ ಕಾರಣಕ್ಕೆ ಬೆನ್ನಿನ ಅರಿವಳಿಕೆ ನಿಲ್ಲಿಸುವುದಿಲ್ಲ. ಹೆಪಾರಿನ್ ಇಂಜೆಕ್ಷನ್ ಕೂಡ ನಡೆಯುತ್ತಿದ್ದರೆ ಮಾತ್ರ ಹೊತ್ತು ನೋಡಿಕೊಂಡು ಕೊಡಬೇಕು. ಕೆಲವರು 36 ವಾರಕ್ಕೆ ಮಾತ್ರೆ ನಿಲ್ಲಿಸುತ್ತಾರೆ, ಕೆಲವರು ಹೆರಿಗೆಯವರೆಗೂ ಕೊಡುತ್ತಾರೆ, ಎರಡೂ ಪದ್ಧತಿ ಇದೆ. ಮುಂದಿನ ಚೆಕಪ್ಪಿನಲ್ಲಿ ‘ಯಾವತ್ತು ನಿಲ್ಲಿಸಲಿ?’ ಅಂತ ಕೇಳಿ, ತಾಯಿ ಕಾರ್ಡಿನಲ್ಲಿ ಆ ತಾರೀಕು ಬರೆಸಿಕೊಳ್ಳಿ. ಹೆರಿಗೆ ನೋವು ಬೇಗ ಶುರುವಾದರೆ ಅವತ್ತಿನ ಮಾತ್ರೆ ನುಂಗದೆ ಹೊರಡಿ, ಕೊನೆಯ ಮಾತ್ರೆ ಯಾವಾಗ ನುಂಗಿದ್ದು ಅಂತ ಅಲ್ಲಿ ಹೇಳಿ.

ಪ್ರಶ್ನೆ: ಹೆರಿಗೆಯಾಗಿ ಹತ್ತು ದಿನ. ಬಸಿರಿನಲ್ಲಿ ಬಿಪಿ ಸರಿ ಇತ್ತು, ಆಸ್ಪಿರಿನ್ ತಗೊಂಡಿರಲಿಲ್ಲ. ಹೆರಿಗೆ ಆಸ್ಪತ್ರೆಯಿಂದ ಹೊರಡೋ ದಿನ 150/96 ಇತ್ತು, ‘ಟೆನ್ಷನ್ನಿಗೆ ಇರಬಹುದು’ ಅಂದರು. ಈಗ ಆಗಾಗ ತಲೆ ನೋಯುತ್ತದೆ. ಬಾಣಂತಿ ಅಂತ ಅಮ್ಮ ಹೊರಗೆ ಬಿಡುತ್ತಿಲ್ಲ, ತಲೆಗೆ ಗಾಳಿ ತಾಗಿದೆ ಅನ್ನುತ್ತಾರೆ. ಮುಂದಿನ ಸಲ ಆಸ್ಪಿರಿನ್ ತಗೊಂಡರೆ ಸರಿ ಹೋಗುತ್ತಾ?
— ಕೃಷ್ಣರಾಜನಗರ

ಉತ್ತರ: ಮುಂದಿನ ಸಲದ ಮಾತು ಆಮೇಲೆ. ಗರ್ಭನಂಜು ಹೆರಿಗೆಯಾದ ಮೇಲೂ ಬರುತ್ತದೆ, ಆರು ವಾರದವರೆಗೂ ಎಚ್ಚರ ಇರಬೇಕು. ಬಿಪಿ ಸಾಮಾನ್ಯವಾಗಿ ಹೆರಿಗೆಯಾಗಿ ಮೂರರಿಂದ ಆರನೇ ದಿನದೊಳಗೆ ಹೆಚ್ಚು ಏರುವುದು, ಅಂದರೆ ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಬಾಗಿಲು ಹಾಕಿ ಬಾಣಂತಿಯನ್ನು ಬೆಚ್ಚಗೆ ಮಲಗಿಸಿದ ಮೇಲೆ. ತಲೆಗೆ ಹತ್ತಿ ಇಟ್ಟು ಬಟ್ಟೆ ಕಟ್ಟಿಕೊಂಡೇ ಹೋಗಿ, ಅಮ್ಮನನ್ನೂ ಮಗುವನ್ನೂ ಜೊತೆಗೆ ಕರೆದುಕೊಂಡೇ ಹೋಗಿ, ಆದರೆ ಹೋಗಿ. ಮಗುವಿಗೆ ಹಾಲು ಕೊಡುತ್ತಲೇ ತಗೊಳ್ಳಬಹುದಾದ ಬಿಪಿ ಮಾತ್ರೆಗಳಿವೆ, ಆ ಹೆದರಿಕೆ ಬೇಡ. ಈಗ ಏರಿರುವ ಬಿಪಿಗೆ ಆಸ್ಪಿರಿನ್ ಮದ್ದಲ್ಲ, ಅದನ್ನು ತಂದು ನುಂಗಬೇಡಿ.

ಇದು ಗರ್ಭನಂಜು ಅಂತ ಆದರೆ ಆ ಕಾಗದ ಎತ್ತಿಟ್ಟುಕೊಳ್ಳಿ. ಮುಂದೆ ಬಸಿರಾದಾಗ 12 ವಾರದೊಳಗೆ ಅದನ್ನು ಡಾಕ್ಟರ ಮೇಜಿನ ಮೇಲೆ ಇಡಿ, ಆಗ ಆಸ್ಪಿರಿನ್ ಮಾತು ಬರುತ್ತದೆ. ನಲವತ್ತು ದಾಟಿದ ಮೇಲೂ ವರ್ಷಕ್ಕೊಮ್ಮೆ ಬಿಪಿ ನೋಡಿಸಿ, ಗರ್ಭನಂಜು ಬಂದವರಿಗೆ ಮುಂದೆ ಬಿಪಿ, ಹೃದಯದ ತೊಂದರೆ ಬರುವುದು ಜಾಸ್ತಿ.

ನಿಮ್ಮ ಪತ್ರದ ಕೆಳಗಿದ್ದ ನಂಬರಿಗೆ ಎರಡು ಸಲ ಕರೆ ಮಾಡಿದೆ, ಯಾರೂ ಎತ್ತಲಿಲ್ಲ. ಇದನ್ನು ಓದಿದ ತಕ್ಷಣ, ಅದು ಯಾವ ಹೊತ್ತೇ ಆಗಿರಲಿ, ಬಿಪಿ ನೋಡಿಸಿ ಎಷ್ಟಿದೆ ಅಂತ ನನಗೊಂದು ಮೆಸೇಜ್ ಹಾಕಿ.